ಸಾಕ್ಷಿಯೋ, ರೋಗಲಕ್ಷಣವೋ: ತುರ್ತು ಪರಿಸ್ಥಿತಿಯಲ್ಲಿ ‘ಸಂಸ್ಕಾರ’ದ ಒಂದು ಓದು



ನಾವು ಸೇರಿರುವ ಈ ಬಂಗಾರಪೇಟೆಗೆ ಬಂಗಾರದ ಹೆಸರು ಬಂದದ್ದು ಆಮೇಲೆ. ಮೊದಲು ಇದು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಆಡಳಿತ ನಡೆಸಿದವರು, ಜೊತೆಗೆ ನಮ್ಮ ಸೀಮೆಯನ್ನು ನೋಡಿ ಬರೆದವರು ಕೂಡ. ಅವರ ‘ಈಸ್ಟರ್ನ್ ಎಕ್ಸ್‌ಪೀರಿಯನ್ಸಸ್’ 1871ರಲ್ಲಿ ಪ್ರಕಟವಾಯಿತು. ಹೊರಗಿನಿಂದ ಬಂದು ನೋಡಿದವರೊಬ್ಬರ ಹೆಸರನ್ನು ದಶಕಗಟ್ಟಲೆ ಹೊತ್ತಿದ್ದ ಊರಿನಲ್ಲಿ ಇಂದಿನ ವಿಷಯವನ್ನು ಎತ್ತುವುದು ಉಚಿತವೆಂದು ಭಾವಿಸುತ್ತೇನೆ. ನಾಡಿನ ಬಾಯಿ ಕಟ್ಟಿದ ಕಾಲದಲ್ಲಿ ಆ ನಾಡಿನ ಸಾಹಿತ್ಯವನ್ನು ಹೊರಗಿನವರು ಹೇಗೆ ಓದುತ್ತಾರೆ? ಆ ಓದಿಗೆ ಏನು ದಕ್ಕುತ್ತದೆ, ಏನು ತಪ್ಪಿಹೋಗುತ್ತದೆ? ಹಿಟ್ಲರನ ಜರ್ಮನಿಯ ಬಗ್ಗೆ ಈ ಪ್ರಶ್ನೆಯನ್ನು ಬಹಳ ಮಂದಿ ಕೇಳಿದ್ದಾರೆ. ಕನ್ನಡಕ್ಕೂ ಇಂಥ ಪ್ರಸಂಗವೊಂದಿದೆ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯ ನಡುವೆ ವಿ.ಎಸ್. ನೈಪಾಲ್ ಅವರು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿದ ಪ್ರಸಂಗ ಅದು. ಆ ಓದನ್ನು ಜರ್ಮನಿಯ ಅನುಭವದ ಪಕ್ಕದಲ್ಲಿಟ್ಟು ನೋಡುವುದು ಈ ಉಪನ್ಯಾಸದ ಕೆಲಸ.

ದೂರ ಹೋಗುವ ಮೊದಲು ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಸಾಗುವ ನಮ್ಮ ರೈಲುದಾರಿಯ ಆಚೀಚೆಯನ್ನೇ ನೋಡೋಣ. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳ ಲೆಕ್ಕಪತ್ರ ಲಂಡನ್ನಿಗೆ ಹೋಗುತ್ತಿತ್ತು. ಎಷ್ಟು ಅದಿರು, ಎಷ್ಟು ಔನ್ಸ್ ಚಿನ್ನ, ಷೇರುದಾರರಿಗೆ ಎಷ್ಟು ಪಾಲು. 1930ರಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಕಂಪನಿಯ ಕಡತಗಳನ್ನಷ್ಟೇ ಓದುವವನಿಗೆ ಗಣಿಯ ಜನವೆಂದರೆ ಹೆಬ್ಬೆಟ್ಟಿನ ಜನ, ಕಾರಣ ಹೇಳದೆ ಮುನಿಸಿಕೊಂಡ ಜನ. ಆದರೆ ಬೌದ್ಧ ಚಿಂತಕ ಪಂಡಿತ ಅಯೋತಿದಾಸರು 1907ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ್ದ ‘ತಮಿಳನ್’ ಪತ್ರಿಕೆ 1926ರ ಹೊತ್ತಿಗೆ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಇದೇ ಗಣಿಯ ನೆಲದಿಂದ ಮತ್ತೆ ಹೊರಬರತೊಡಗಿತ್ತು. ಮಾರಿಕುಪ್ಪಂನಲ್ಲಿ ಅಷ್ಟು ಹೊತ್ತಿಗಾಗಲೇ ಬೌದ್ಧ ಸಂಘ ಬೇರು ಬಿಟ್ಟಿತ್ತು. ಬೆರಳಚ್ಚು ಕೊಡೆವೆಂದವರ ಕೇರಿಯಲ್ಲಿ ಅಚ್ಚುಮೊಳೆ ಜೋಡಿಸುವವರಿದ್ದರು. ಜಾತಿ, ಧರ್ಮ, ಚರಿತ್ರೆಗಳ ಬಗ್ಗೆ ಕಟುವಾದ ವಾದಗಳು ಅಲ್ಲಿ ಅಚ್ಚಾಗುತ್ತಿದ್ದವು. ನೋಡುವವನ ಕೈಗೆ ಯಾವ ಕಾಗದ ಸಿಕ್ಕಿತು ಎಂಬುದರ ಮೇಲೆ ಅದೇ ಜನ ಮೂಕರಾಗಿಯೂ ಕಾಣುತ್ತಾರೆ, ಮಾತಿನ ಮಲ್ಲರಾಗಿಯೂ ಕಾಣುತ್ತಾರೆ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೈಪಾಲರ ಕಡೆಗೆ ಬರೋಣ.

ನೈಪಾಲ್ ಟ್ರಿನಿಡಾಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದವರು. ಅವರ ಪೂರ್ವಿಕರು ಕಬ್ಬಿನ ತೋಟಗಳ ಕೂಲಿಗಾಗಿ ಭಾರತದಿಂದ ಹೋದವರು. ಹಾಗಾಗಿ ಅವರು ಪೂರ್ತಿ ಹೊರಗಿನವರಲ್ಲ ಎಂದು ಹೇಳಬಹುದು. ಭಾರತದ ಭಾಷೆಗಳ ಮಟ್ಟಿಗೆ ಮಾತ್ರ ಹೊರಗಿನವರೇ. 1975ರ ಆಗಸ್ಟಿನಿಂದ 1976ರ ಅಕ್ಟೋಬರಿನವರೆಗಿನ ಅವಧಿಯಲ್ಲಿ ಅವರು ಭಾರತದಲ್ಲಿ ಓಡಾಡಿದರು. 1977ರಲ್ಲಿ ‘ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್’ ಹೊರಬಂತು. ತುರ್ತು ಪರಿಸ್ಥಿತಿಯ ಭಾರತದ ಬಗ್ಗೆ ಹೊರಗಿನ ಸಾಹಿತಿಯೊಬ್ಬರು ಬರೆದ ಪುಸ್ತಕಗಳಲ್ಲಿ ಹೆಚ್ಚು ಓದಿಸಿಕೊಂಡದ್ದು ಬಹುಶಃ ಇದೇ. ಪುಸ್ತಕ ಶುರುವಾಗುವುದು ನಮ್ಮ ಹಂಪೆಯಿಂದ, 1565ರ ವಿಜಯನಗರದ ಪತನದಿಂದ. ಅವರ ವಾದದ ಪ್ರಕಾರ ತುರ್ತು ಪರಿಸ್ಥಿತಿ ಒಂದು ಸರ್ಕಾರದ ತಪ್ಪಿಗಿಂತ ದೊಡ್ಡದು. ಗೆದ್ದವರಿಂದ ಪದೇಪದೇ ಗಾಯಗೊಂಡು, ಆ ಗಾಯದ ಅರಿವೂ ಇಲ್ಲದೆ ಹಿಂದಕ್ಕೆ ಸರಿದುಕೊಂಡ ನಾಗರಿಕತೆಯೊಂದರ ಬಿಕ್ಕಟ್ಟು ಮೇಲಕ್ಕೆ ಎದ್ದದ್ದು. ಇದಕ್ಕೆ ಸಾಕ್ಷಿ ಒದಗಿಸಲು ಅವರು ಕಾದಂಬರಿಗಳನ್ನು ಕರೆಯುತ್ತಾರೆ. ಆರ್.ಕೆ. ನಾರಾಯಣರ ಕೃತಿಗಳನ್ನು ಮೊದಲು, ಆಮೇಲೆ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ‘ಸಂಸ್ಕಾರ’ವನ್ನು.

‘ಸಂಸ್ಕಾರ’ದ ಚರ್ಚೆಗೆ ಮುನ್ನ ಅವರು ಗಾಂಧೀಜಿಯ ಆತ್ಮಕಥೆಯನ್ನು ತೆರೆದು, ಲಂಡನ್ನಿನಲ್ಲಿ ವರ್ಷಗಟ್ಟಲೆ ಇದ್ದ ತರುಣನ ಕಣ್ಣಿಗೆ ಆ ನಗರವೇ ಬೀಳಲಿಲ್ಲವಲ್ಲ ಎಂದು ಬೆರಗಾಗುತ್ತಾರೆ. ಭಾರತೀಯರಲ್ಲಿ ‘ನಾನು’ ಎಂಬುದು ಹೊರಜಗತ್ತನ್ನು ಎದುರಿಸುವಷ್ಟು ಗಟ್ಟಿಯಾಗಿ ಬೆಳೆದಿಲ್ಲವೆಂಬ ವಿಚಾರವನ್ನು ಮನೋವಿಶ್ಲೇಷಕ ಸುಧೀರ್ ಕಾಕರ್ ಅವರಿಂದ ಪಡೆಯುತ್ತಾರೆ. ಆ ಮೇಲೆ ‘ಸಂಸ್ಕಾರ’ದ ನಾಯಕ ಪ್ರಾಣೇಶಾಚಾರ್ಯರು ಬರುತ್ತಾರೆ. ಅಗ್ರಹಾರದ ಕಟ್ಟಳೆ ಮೀರಿ ಬಾಳಿದ ನಾರಣಪ್ಪನ ಹೆಣ ಸಂಸ್ಕಾರವಿಲ್ಲದೆ ಕೊಳೆಯುತ್ತಿರುವಾಗ ಗ್ರಂಥಗಳಲ್ಲಿ ಉತ್ತರ ಹುಡುಕುವ ಆಚಾರ್ಯರು, ನಾರಣಪ್ಪನ ಸಂಗಾತಿ ಚಂದ್ರಿಯನ್ನು ಕೂಡಿದ ಮೇಲೆ ತಾವು ಯಾರೆಂಬುದೇ ತಿಳಿಯದೆ ಅಲೆಯುವ ಆಚಾರ್ಯರು, ನೈಪಾಲರಿಗೆ ಆ ವಿಚಾರದ ಜೀವಂತ ಉದಾಹರಣೆಯಾಗಿ ಕಾಣುತ್ತಾರೆ. ಗ್ರಂಥ ಮತ್ತು ಮಂತ್ರದ ಆಸರೆಯಲ್ಲಿ ನಿಂತ ಬರ್ಬರ ಸಮಾಜವೊಂದರ ಚಿತ್ರ ಈ ಕಾದಂಬರಿಯಲ್ಲಿದೆ ಎನ್ನುತ್ತಾರೆ. ಬರೆದವರಿಗೆ ಅದರ ಅರಿವಿತ್ತೋ ಇಲ್ಲವೋ ಎಂಬ ಸಂಶಯವನ್ನೂ ಉಳಿಸುತ್ತಾರೆ. ನನ್ನ ತಕರಾರು ಇರುವುದು ಆ ಸಂಶಯದಲ್ಲಿ.

ಏಕೆಂದರೆ ಅರಿವಿಲ್ಲದೆ ‘ಸಂಸ್ಕಾರ’ವನ್ನು ಯಾರೂ ಬರೆಯಲಾರರು. ಅನಂತಮೂರ್ತಿ ಅದನ್ನು ಬರೆದದ್ದು 1965ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಬರ್ಗ್‌ಮನ್ನನ ‘ದ ಸೆವೆಂತ್ ಸೀಲ್’ ಚಿತ್ರ ನೋಡಿದ ಪ್ರಚೋದನೆಯಲ್ಲಿ. ತಾನು ಹುಟ್ಟಿ ಬೆಳೆದ ಅಗ್ರಹಾರವನ್ನು ದೂರದಿಂದ ನಿಷ್ಠುರವಾಗಿ ನೋಡಿ, ಅದರ ನಾರುವ ಹೆಣವನ್ನು ನಡುಬೀದಿಗೆ ತಂದಿಟ್ಟ ಕೃತಿ ಅದು. ಆತ್ಮಜಿಜ್ಞಾಸೆಯ ಈ ಗದ್ಯಕ್ಕೆ ಕನ್ನಡದಲ್ಲಿ ತಲೆಮಾರುಗಳ ತಯಾರಿ ಇತ್ತು. ಕೃತಿ ಬಂದಾಗ ಜಗಳ ಎದ್ದದ್ದೂ ಆ ಅರಿವು ಕೃತಿಯಲ್ಲಿ ಅಷ್ಟು ನಿಚ್ಚಳವಾಗಿ ಇದ್ದುದರಿಂದಲೇ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಚಿತ್ರ ಮಾಡಿದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ತಡೆ ನೀಗಿದ ಮೇಲೆ ಅದಕ್ಕೇ ರಾಷ್ಟ್ರಪತಿಗಳ ಸ್ವರ್ಣಕಮಲ ಬಂತು. ಚಂದ್ರಿ, ಬೆಳ್ಳಿ ಎಂಬ ಹೆಣ್ಣುಪಾತ್ರಗಳು ಬ್ರಾಹ್ಮಣ ನಾಯಕನ ಬಿಡುಗಡೆಗೆ ಮೆಟ್ಟಿಲುಗಳಾಗಿ ಉಳಿದಿವೆಯೆಂಬ ಆಕ್ಷೇಪವೂ ಕನ್ನಡದೊಳಗೆ ಮತ್ತೆ ಮತ್ತೆ ಬಂದಿದೆ. ಹೀಗೆ ಒಂದು ಸಮಾಜ ತನ್ನ ಮೇಲೆ ತಾನೇ ಹೂಡಿದ ಮೊಕದ್ದಮೆಯ ಕಾಗದಪತ್ರವನ್ನು ನೈಪಾಲ್ ಎತ್ತಿಕೊಂಡರು. ಹೂಡಿದವರನ್ನು ಬಿಟ್ಟು ಆರೋಪವನ್ನಷ್ಟೇ ಓದಿದರು. ಆತ್ಮವಿಮರ್ಶೆ ಅವರ ಕೈಯಲ್ಲಿ ರೋಗಲಕ್ಷಣವಾಯಿತು. ವೈದ್ಯನ ಟಿಪ್ಪಣಿಯನ್ನು ರೋಗಿಯ ಜ್ವರವೆಂದು ತಿಳಿದ ಹಾಗೆ.

ಸಾಹಿತ್ಯವನ್ನು ರೋಗಲಕ್ಷಣವೆಂದು ಓದುವ ಪದ್ಧತಿಗೆ ಜರ್ಮನ್ ಭಾಷೆಯಲ್ಲಿ ದೀರ್ಘವಾದ, ದುಃಖದ ಚರಿತ್ರೆಯಿದೆ. ಪೆಸ್ಟ್ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿದ ವೈದ್ಯ, ವಿಮರ್ಶಕ ಮ್ಯಾಕ್ಸ್ ನೋರ್ಡೌ 1892ರಲ್ಲಿ ‘ಎಂಟಾರ್ಟುಂಗ್’ ಎಂಬ ಪುಸ್ತಕ ಪ್ರಕಟಿಸಿದರು. ಕೆಟ್ಟುಹೋಗುವುದು, ತಳಿಗೆಡುವುದು ಎಂಬುದು ಆ ಮಾತಿನ ಅರ್ಥ. ಇಬ್ಸೆನ್, ಟಾಲ್‌ಸ್ಟಾಯ್, ನೀಚೆ ಮುಂತಾದವರನ್ನು ಅವರು ಕೃತಿಕಾರರೆಂದು ಓದಲಿಲ್ಲ. ನರದೌರ್ಬಲ್ಯದ ರೋಗಿಗಳೆಂದು ಪರೀಕ್ಷಿಸಿದರು. ನೋರ್ಡೌ ಆಮೇಲೆ ಯೆಹೂದಿ ರಾಷ್ಟ್ರೀಯತೆಯ ನಾಯಕರಲ್ಲಿ ಒಬ್ಬರಾದರು. ಆದರೆ ಅವರು ಚಲಾವಣೆಗೆ ತಂದ ಆ ಮಾತು ಅವರ ಕೈಮೀರಿ ಹೋಯಿತು. 1937ರ ಜುಲೈನಲ್ಲಿ ನಾಜಿಗಳು ಮ್ಯೂನಿಕ್‌ನಲ್ಲಿ ಆಧುನಿಕ ಕಲೆಯನ್ನು ಹೀಗಳೆಯಲು ಏರ್ಪಡಿಸಿದ ಪ್ರದರ್ಶನದ ಹೆಸರಿನಲ್ಲಿ ಇದ್ದದ್ದು ಅದೇ ಮಾತು. 1933ರ ಮೇ 10ರ ರಾತ್ರಿ ಬರ್ಲಿನ್ನಿನ ಆಪೆರಾ ಚೌಕದಲ್ಲಿ ಬೆಂಕಿಗೆ ಬಿದ್ದ ಪುಸ್ತಕಗಳನ್ನು ನೋಡಿದರೂ ಇದು ತಿಳಿಯುತ್ತದೆ: ಯುದ್ಧದ ವೈಭವವನ್ನು ಪ್ರಶ್ನಿಸಿದ ರೆಮಾರ್ಕ್, ಜರ್ಮನ್ ವಿಧೇಯತೆಯನ್ನು ಬಯಲಿಗೆಳೆದ ಹೈನ್ರಿಶ್ ಮಾನ್, ಸೈನ್ಯವನ್ನು ಗೇಲಿ ಮಾಡಿದ ಟುಖೋಲ್ಸ್ಕಿ. ತಮ್ಮ ನಾಡಿನ ತಪ್ಪನ್ನು ನಾಡಿನ ಭಾಷೆಯಲ್ಲೇ ಹೇಳಿದವರು ಇವರೆಲ್ಲ. ಎರಿಕ್ ಕೆಸ್ಟ್ನರ್ ಜನಜಂಗುಳಿಯ ನಡುವೆ ನಿಂತು ತಮ್ಮ ಪುಸ್ತಕಗಳು ಸುಡುವುದನ್ನು ತಾವೇ ನೋಡಿದರು. ಸರ್ವಾಧಿಕಾರಕ್ಕೆ ಸಹಿಸಲಾಗದ್ದು ಒಳಗಿನವರ ಆತ್ಮವಿಮರ್ಶೆ. ಅದನ್ನು ಆರೋಗ್ಯವೆಂದು ಒಪ್ಪದೆ ಕಾಯಿಲೆಯೆಂದು ಕರೆಯುವುದು ಅದರ ಮೊದಲ ಹೆಜ್ಜೆ. ನೈಪಾಲ್ ಅಂಥ ಪ್ರಭುತ್ವದ ಪರ ಎಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯವಾದೀತು. ಅವರ ಓದುವ ಕ್ರಮ ಮಾತ್ರ, ಅವರಿಗೆ ಬೇಡವಾದ ಜಾಗಕ್ಕೆ ಹೋಗುವ ದಾರಿಯಲ್ಲೇ ಇದೆ ಎನ್ನುತ್ತಿದ್ದೇನೆ.

ಇನ್ನೊಂದು ಉದಾಹರಣೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 1933–34ರಲ್ಲಿ ಜಾನ್ ಪಾಲ್ ಸಾರ್ತ್ರ್ ಬರ್ಲಿನ್ನಿನ ಫ್ರೆಂಚ್ ಸಂಸ್ಥೆಯಲ್ಲಿದ್ದರು. ಹಿಟ್ಲರ್ ಅಧಿಕಾರಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಸಾರ್ತ್ರ್ ಆ ತಿಂಗಳುಗಳನ್ನು ಎಡ್ಮಂಡ್ ಹುಸೆರ್ಲ್ ಅವರ ತತ್ತ್ವಶಾಸ್ತ್ರವನ್ನು ಓದುವುದರಲ್ಲಿ ಕಳೆದರು. ಅವರ ಮುಂದಿನ ಚಿಂತನೆಗೆಲ್ಲ ಅದು ಬುನಾದಿಯಾಯಿತು. ಬೀದಿಯಲ್ಲಿ ನಡೆಯುತ್ತಿದ್ದುದಕ್ಕೆ ಅವರು ಕೊಟ್ಟ ಗಮನ ಬಹಳ ಕಡಿಮೆ. ಅದೇ 1933ರ ಏಪ್ರಿಲಿನಲ್ಲಿ ಹುಸೆರ್ಲ್ ಅವರನ್ನು, ಅವರು ಯೆಹೂದಿ ಮೂಲದವರೆಂಬ ಕಾರಣಕ್ಕೆ, ಫ್ರೈಬುರ್ಗ್ ವಿಶ್ವವಿದ್ಯಾಲಯ ದೂರವಿಟ್ಟಿತ್ತು. ಓದುತ್ತಿರುವ ಪುಟ ಮೇಜಿನ ಮೇಲಿದೆ, ಅದನ್ನು ಬರೆದ ಮನುಷ್ಯನಿಗೆ ಅದೇ ದೇಶದಲ್ಲಿ ಬಾಗಿಲು ಮುಚ್ಚಿದೆ. ಸಾರ್ತ್ರ್ ಅವರಂಥ ಚುರುಕು ಬುದ್ಧಿಗೂ ಇವೆರಡನ್ನು ಕೂಡಿಸಿ ನೋಡಲು ಆಗಲಿಲ್ಲ. ಪಠ್ಯ ಎಷ್ಟು ಬೇಗ ತನ್ನ ನೆಲದಿಂದ ಕಿತ್ತು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬೆಂಗಳೂರಿನಲ್ಲಿ ಆದದ್ದೂ ಇದೇ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನು ಮರುದಿನವೇ ಬಂಧಿಸಿ ಇಲ್ಲಿನ ಸೆಂಟ್ರಲ್ ಜೈಲಿಗೆ ಕಳಿಸಿದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಸೆರೆಯಾದರು. ಅಂಥ ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕೂ ಈಗ ಇಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಾದ ಕೆಲವೇ ದಿನಗಳಲ್ಲಿ, ಮೇ ತಿಂಗಳ ಆರಂಭದಲ್ಲಿ, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿ ಅವರು. ನಿರ್ದೇಶಕ ಪಟ್ಟಾಭಿಯವರ ಪತ್ನಿ. ಸಮಾಜವಾದಿಗಳು, ಜಾರ್ಜ್ ಫರ್ನಾಂಡಿಸರ ಒಡನಾಡಿಗಳು. ಸರ್ಕಾರದ ವಿರುದ್ಧ ಸ್ಫೋಟದ ಸಂಚು ಹೂಡಿದರೆಂಬ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಹಿಡಿದರೂ ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ವಿಚಾರಣೆಯಿಲ್ಲದೆ ಸೆರೆಯಿಡಲು ಬಳಸುತ್ತಿದ್ದ ಮೀಸಾ ಕಾಯಿದೆಯಡಿ ಜೈಲಿನಲ್ಲೇ ಇಟ್ಟರು. ತೀವ್ರ ಆಸ್ತಮಾ ಇದ್ದ ಅವರನ್ನು 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಐದು ದಿನಕ್ಕೆ, ಜನವರಿ 20ರಂದು, ತೀರಿಕೊಂಡರು. ಅಂದರೆ 1976ರ ನಡುವಿನ ತಿಂಗಳುಗಳಲ್ಲಿ ರಾಮಾನುಜನ್ನರ ಅನುವಾದ ಪುಸ್ತಕವಾಗಿ ಜಗತ್ತಿಗೆ ಹೊರಡುತ್ತಿದ್ದಾಗ, ‘ಸಂಸ್ಕಾರ’ದ ಚಂದ್ರಿ ಬೆಂಗಳೂರಿನ ಜೈಲಿನಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಹೊರಗಿನ ಲೋಕವನ್ನು ಎದುರಿಸುವ ‘ನಾನು’ ಇಲ್ಲಿ ಬೆಳೆದಿಲ್ಲವೆಂಬ ಸಿದ್ಧಾಂತಕ್ಕೆ ನೈಪಾಲ್ ಆ ಕೃತಿಯನ್ನು ಉದಾಹರಣೆ ಮಾಡಿದ ಸಮಯವೂ ಅದೇ.

ಎದುರು ನಿಂತವರು ಸ್ನೇಹಲತಾ ಒಬ್ಬರೇ ಅಲ್ಲ. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂತಿರುಗಿಸಿದರು. ‘ಸಂಕ್ರಮಣ’ ಪತ್ರಿಕೆಯ ಸಂಪಾದಕ ಚಂದ್ರಶೇಖರ ಪಾಟೀಲರು ಜೈಲಿಗೆ ಹೋದರು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಪ್ರಕಟವಾದದ್ದು 1975ರಲ್ಲೇ. ಅದಕ್ಕೆ ಎರಡು ವರ್ಷ ಮೊದಲು ದೇವನೂರ ಮಹಾದೇವರ ‘ದ್ಯಾವನೂರು’ ಬಂದಿತ್ತು. ಕನ್ನಡದಲ್ಲಿ ‘ನಾನು’ ಎಂಬ ಪದವನ್ನು ಅದುವರೆಗೆ ಆಡಲು ಅವಕಾಶ ಸಿಗದಿದ್ದ ಜನ ಅದನ್ನು ಗಟ್ಟಿ ದನಿಯಲ್ಲಿ ಆಡತೊಡಗಿದ್ದ ದಶಕ ಅದು. ಇದಾವುದೂ ಆಗ ಇಂಗ್ಲಿಷಿನಲ್ಲಿ ಸಿಗುತ್ತಿರಲಿಲ್ಲ. ನೈಪಾಲರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಒಂದೇ ಅನುವಾದದ ಕಿಟಕಿಯಿಂದ ನೋಡಿದವರು ಆ ಕಿಟಕಿಯ ಅಳತೆಯನ್ನೂ ಓದುಗರಿಗೆ ಹೇಳಬೇಕಿತ್ತು ಎಂಬುದಷ್ಟೇ ನನ್ನ ನಿರೀಕ್ಷೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ತೂಕದ್ದು. ಇಪ್ಪತ್ತೊಂದು ತಿಂಗಳ ತುರ್ತು ಪರಿಸ್ಥಿತಿಯನ್ನು ಹನ್ನೆರಡು ವರ್ಷಗಳ ನಾಜಿ ಆಳ್ವಿಕೆಯ ಪಕ್ಕದಲ್ಲಿಡುವುದೇ ತಪ್ಪಲ್ಲವೇ? ಅಪರಾಧದ ಪ್ರಮಾಣವನ್ನು ಹೋಲಿಸಿದರೆ ತಪ್ಪೇ ಹೌದು. ಅರವತ್ತು ಲಕ್ಷ ಯೆಹೂದಿಗಳ ಕಗ್ಗೊಲೆಗೆ ಹೋಲಿಕೆ ಹುಡುಕುವುದು ಸತ್ತವರಿಗೆ ಮಾಡುವ ಅವಮಾನ. ಇಲ್ಲಿ ಚುನಾವಣೆ ನಡೆಯಿತು, 1977ರ ಮಾರ್ಚಿನಲ್ಲಿ ಆ ಸರ್ಕಾರ ಸೋತು ಇಳಿಯಿತು. ನಾನು ಹೋಲಿಸುತ್ತಿರುವುದು ನೋಡುವವರು ನಿಂತ ಜಾಗವನ್ನು. ಬಾಯಿ ಕಟ್ಟಿದ ನಾಡಿನಲ್ಲಿ ಅಚ್ಚಾದದ್ದು ಪೂರ್ತಿಯಲ್ಲ, ಅಚ್ಚಾಗದ್ದು ಕಾಣುವುದಿಲ್ಲ. ಈ ತೊಡಕು ಎರಡೂ ಕಡೆ ಒಂದೇ ಬಗೆಯದು.

ಎರಡನೆಯ ಆಕ್ಷೇಪ ನನಗೂ ಒಪ್ಪಿಗೆಯಾಗುವಂಥದು. ಒಳಗಿನವರು ಬಾಯಿ ಬಿಡಲಾಗದಾಗ ಹೊರಗಿನವರಲ್ಲದೆ ಬೇರೆ ಯಾರು ಹೇಳಬೇಕು? ವಿಲಿಯಂ ಶೈರರ್ 1934ರಿಂದ 1940ರ ಕೊನೆಯವರೆಗೆ ಬರ್ಲಿನ್ನಿನಿಂದ ವರದಿ ಮಾಡಿ ‘ಬರ್ಲಿನ್ ಡೈರಿ’ ಬರೆಯದಿದ್ದರೆ ಅಮೆರಿಕದ ಓದುಗರಿಗೆ ಬಹಳಷ್ಟು ತಿಳಿಯುತ್ತಿರಲಿಲ್ಲ. ಪತ್ರಕರ್ತೆ ಡೊರೊತಿ ಥಾಂಪ್ಸನ್ ಅವರನ್ನು 1934ರಲ್ಲಿ ಜರ್ಮನಿಯಿಂದ ಹೊರಗೆ ಹಾಕಿದ್ದು ಅವರ ಬರವಣಿಗೆ ನಾಟಿದ್ದಕ್ಕೇ. ನಮ್ಮಲ್ಲೂ 1975ರ ಜುಲೈ ಹೊತ್ತಿಗೆ ಕೆಲವು ವಿದೇಶಿ ವರದಿಗಾರರನ್ನು ದೇಶ ಬಿಡಿಸಿದರು. ಹಳ್ಳಿಗಳಲ್ಲಿ ಜನ ನಿಜ ಸುದ್ದಿಗೆ ಬಿಬಿಸಿಗೆ ಕಿವಿಗೊಟ್ಟರು. ಹೊರಗಿನ ಕಣ್ಣು ಬೇಕು, ಬೇಡವೆನ್ನುವುದು ಸರ್ವಾಧಿಕಾರಿಗಳ ಮಾತು. ಆದರೆ ಆ ಕಣ್ಣಿನಲ್ಲೂ ಎರಡು ಬಗೆಯಿದೆ. ಸ್ವಿಟ್ಜರ್ಲೆಂಡಿನ ಡೆನಿ ದ ರೂಜ್‌ಮೋನ್ 1935–36ರಲ್ಲಿ ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ರಾಜಕೀಯದ ಮಾಮೂಲಿ ಲೆಕ್ಕಾಚಾರಗಳನ್ನು ಇಟ್ಟುಕೊಂಡು ಹೋದವರು ಹಿಟ್ಲರನ ಸಭೆಯೊಂದರ ಜನಸ್ತೋಮದ ನಡುವೆ ನಿಂತಾಗ, ಇದು ರಾಜಕೀಯ ಸಭೆಯಲ್ಲ, ಭೀಕರವಾದೊಂದು ಪೂಜೆ ಎಂಬುದು ಹೊಳೆದು ಬೆಚ್ಚಿದರು. 1938ರಲ್ಲಿ ಪ್ರಕಟವಾದ ದಿನಚರಿಯಲ್ಲಿ ಅದನ್ನು ಬರೆದರು. ಕಂಡದ್ದು ಅವರ ಸಿದ್ಧಾಂತವನ್ನು ತಿದ್ದಿತು. ಸಿದ್ಧಾಂತವೇ ಕಂಡದ್ದನ್ನು ಆರಿಸಿಕೊಟ್ಟಾಗ ಹೊರಗಿನ ಓದು ಎಡವುತ್ತದೆ. ಈ ಜಿಲ್ಲೆಯವರೇ ಆದ ಮಾಸ್ತಿ ‘ಚಿಕವೀರ ರಾಜೇಂದ್ರ’ದಲ್ಲಿ ಇನ್ನೊಂದು ದಾರಿ ತೋರಿದ್ದಾರೆ: ಕೊಡಗಿನ ದೊರೆಯ ಕ್ರೌರ್ಯವನ್ನು ಅವರು ಮುಚ್ಚಿಡಲಿಲ್ಲ, ಆ ಕ್ರೌರ್ಯವನ್ನು ನೆಪ ಮಾಡಿಕೊಂಡು ಬಂದ ಇಂಗ್ಲಿಷರ ಕೈಗೆ ನ್ಯಾಯದ ತಕ್ಕಡಿಯನ್ನೂ ಕೊಡಲಿಲ್ಲ.

ಹೊರಗಿನವರ ತೀರ್ಪಿಗೆ ಕಾಲದ ಮಿತಿಯೂ ಇದೆ. 1945ರಲ್ಲಿ ಥಾಮಸ್ ಮಾನ್, ತಾಯ್ನಾಡಿಗೆ ಮರಳಬೇಕೆಂದು ಜರ್ಮನಿಯಲ್ಲೇ ಉಳಿದಿದ್ದ ಲೇಖಕ ವಾಲ್ಟರ್ ಫಾನ್ ಮೋಲೋ ಕರೆದಾಗ ಒಲ್ಲೆನೆಂದರು. ನಾಜಿ ಕಾಲದ ಜರ್ಮನಿಯಲ್ಲಿ ಅಚ್ಚಾದ ಪುಸ್ತಕಗಳನ್ನೆಲ್ಲ ಕಳಂಕಿತವೆಂದು ಒಟ್ಟಾಗಿ ತಳ್ಳಿಹಾಕಿದರು. ದೇಶಭ್ರಷ್ಟರಾಗಿ ಹನ್ನೆರಡು ವರ್ಷ ನೋವುಂಡವರ ಮಾತು ಅದು, ಗೌರವಿಸಲೇಬೇಕು. ಒಳಗೇ ಉಳಿದು ತಾವೂ ಪ್ರತಿರೋಧಿಸಿದೆವೆಂದ ಫ್ರಾಂಕ್ ಥೀಸ್‌ರಂಥವರ ವಾದದಲ್ಲಿ ಸ್ವಸಮರ್ಥನೆಯ ಪಾಲು ಹೆಚ್ಚಿತ್ತು. ನಮ್ಮಲ್ಲೂ 1977ರ ನಂತರ ಅಂಥ ಮಾತುಗಳು ಕೇಳಿಬಂದವು. ಆದರೂ ಮಾನ್, ಥೀಸ್ ಇಬ್ಬರೂ ವಾದಿಸುತ್ತಿದ್ದ ಹೊತ್ತಿನಲ್ಲಿ ಡ್ರೆಸ್ಡೆನ್ನಿನ ಯೆಹೂದಿ ಮೂಲದ ಭಾಷಾ ವಿದ್ವಾಂಸ ವಿಕ್ಟರ್ ಕ್ಲೆಂಪರರ್ ಬಳಿ, ಸಿಕ್ಕಿದರೆ ಪ್ರಾಣ ಹೋಗುವಂಥ ಅಪಾಯದಲ್ಲಿ ಹನ್ನೆರಡು ವರ್ಷ ಬಚ್ಚಿಟ್ಟು ಬರೆದ ದಿನಚರಿಯ ಹಾಳೆಗಳಿದ್ದವು. ಅದರ ಒಂದಂಶ 1947ರಲ್ಲಿ ನಾಜಿ ಭಾಷೆಯ ಅಧ್ಯಯನವಾಗಿ ಬಂತು, ದಿನಚರಿ ಅಚ್ಚಾದದ್ದು 1995ರಲ್ಲಿ. ಆ ಕಾಲದ ಜರ್ಮನ್ ಗದ್ಯದ ಶ್ರೇಷ್ಠ ಪುಟಗಳಲ್ಲಿ ಕೆಲವು, ತೀರ್ಪು ಹೇಳಿದವರ ಕಣ್ಣಿಗೆ ಬೀಳುವ ಸಾಧ್ಯತೆಯೇ ಇರಲಿಲ್ಲ. ಸರ್ವಾಧಿಕಾರದ ನಡುವೆ ಕೊಟ್ಟ ಸಾಹಿತ್ಯದ ತೀರ್ಪನ್ನು ಮಧ್ಯಂತರ ಆದೇಶವೆಂದು ತಿಳಿದು ಕಡತವನ್ನು ತೆರೆದಿಡಬೇಕೆನ್ನುವುದು ಇದಕ್ಕೇ. ನೈಪಾಲರ ಬಗ್ಗೆ ನನ್ನ ಗೌರವ ಹೆಚ್ಚುವುದೂ ಇಲ್ಲೇ: ಅವರು ತಮ್ಮ ಕಡತವನ್ನು ತಾವೇ ಮತ್ತೆ ತೆರೆದರು. 1990ರ ‘ಇಂಡಿಯಾ: ಎ ಮಿಲಿಯನ್ ಮ್ಯೂಟಿನೀಸ್ ನೌ’ ಪುಸ್ತಕದಲ್ಲಿ ಸಿದ್ಧಾಂತ 1977ರ ಪುಸ್ತಕದಲ್ಲಿದ್ದಷ್ಟು ಜೋರಾಗಿಲ್ಲ, ಜನ ತಮ್ಮ ಬಾಯಲ್ಲೇ ಪುಟಗಟ್ಟಲೆ ಮಾತಾಡುತ್ತಾರೆ, ಮರಾಠಿಯ ದಲಿತ ಕವಿ ನಾಮದೇವ ಢಸಾಳರೂ ಅವರಲ್ಲಿ ಒಬ್ಬರು. ಹದಿಮೂರು ವರ್ಷದ ಹಿಂದೆ ಅವರಿಗೆ ನಿದ್ದೆಯೆಂದು ಕಂಡದ್ದರೊಳಗೆ ಎಚ್ಚರ ಕಂಡಿತು.

‘ಸಂಸ್ಕಾರ’ದ ಒಂದು ಸಂಗತಿ ಇಡೀ ಈ ಚರ್ಚೆಗೆ ಒದಗಿಬರುತ್ತದೆ. ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂದು ಆಚಾರ್ಯರು ಗ್ರಂಥಗಳನ್ನು ಮಗುಚುತ್ತಾರೆ, ಮಾರುತಿಯ ಗುಡಿಯಲ್ಲಿ ದೇವರ ಅಪ್ಪಣೆಗೆ ಕಾದು ಕೂರುತ್ತಾರೆ. ಚಂದ್ರಿ ಅದೇ ರಾತ್ರಿ ಮುಸ್ಲಿಮನೊಬ್ಬನ ನೆರವಿನಿಂದ ಹೆಣವನ್ನು ಸಾಗಿಸಿ ಸುಟ್ಟು, ಊರು ಬಿಟ್ಟು ಕುಂದಾಪುರದ ದಾರಿ ಹಿಡಿದಿರುತ್ತಾಳೆ. ಆಚಾರ್ಯರಿಗೆ ಅದು ಗೊತ್ತಿಲ್ಲ. ಅವರ ಮುಂದಿನ ತಳಮಳವೆಲ್ಲ ಆಗಿಹೋದ ಕೆಲಸವೊಂದು ಇನ್ನೂ ಆಗಿಲ್ಲವೆಂಬ ನಂಬಿಕೆಯ ಮೇಲೆ ನಿಂತಿದೆ. ನೈಪಾಲರ ಓದು ಆಚಾರ್ಯರ ಬೆನ್ನು ಹಿಡಿದು ಹೋಗುತ್ತದೆ, ಚಂದ್ರಿಯ ಹಿಂದೆ ಹೋಗುವುದಿಲ್ಲ. ಕಾದಂಬರಿಯೂ ಅವಳನ್ನು ಅಲ್ಲಿಗೇ ಬಿಡುತ್ತದೆ, ಅದು ಬೇರೆ ಮಾತು. ಆ ಪಾತ್ರ ಮಾಡಿದ ಸ್ನೇಹಲತಾ ಮಾತ್ರ ಸುಮ್ಮನಾಗಲಿಲ್ಲ. ಬೆಂಗಳೂರು ಜೈಲಿನಲ್ಲಿ ಅವರು ದಿನಚರಿ ಬರೆದರು. ಅವರು ತೀರಿಕೊಂಡ ಮೇಲೆ 1977ರಲ್ಲೇ ಕರ್ನಾಟಕದ ಮಾನವ ಹಕ್ಕುಗಳ ಸಮಿತಿ ಅದನ್ನು ಅಚ್ಚು ಹಾಕಿಸಿತು. ತಮ್ಮ ಉಸಿರಾಟದ ಕಷ್ಟದ ಜೊತೆಗೆ, ಹೇಳುವವರು ಕೇಳುವವರು ಇಲ್ಲದೆ ಅಲ್ಲಿದ್ದ ಹೆಣ್ಣು ಕೈದಿಗಳ ಪಾಡನ್ನೂ ಅವರು ಅದರಲ್ಲಿ ಬರೆದಿಟ್ಟಿದ್ದಾರೆ. ‘ಸಂಸ್ಕಾರ’ವನ್ನು ಪಾಠ ಮಾಡುವ ನಮ್ಮ ಕಾಲೇಜುಗಳಲ್ಲಿ ಆ ತೆಳ್ಳನೆಯ ಪುಸ್ತಕವನ್ನೂ ಕನ್ನಡಕ್ಕೆ ತಂದು ಅದರ ಪಕ್ಕದಲ್ಲಿಟ್ಟು ಓದಿಸಬೇಕೆಂಬುದು ಈ ಸಭೆಯ ಮುಂದೆ ನಾನು ಇಡುವ ಬೇಡಿಕೆ.